ಜಾಲತಾಣದ ರಚನೆ: ನೇರ ದಾರಿಯೂ ಅಡ್ಡದಾರಿಯೂ

ಕನ್ನಡದ ಮೊದಲ ವೃತ್ತಪತ್ರಿಕೆ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ ಎಂಬ ಸಂಗತಿ ವಾಚಕರಿಗೆ ಹೊಸದಲ್ಲ. 1843ನೆಯ ಇಸವಿ ಜುಲೈ 1ನೆಯ ತಾರೀಕು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಇಲ್ಲಿಂದ ಹೊರಡಿಸಿದರು. ಅದು ಕಲ್ಲಚ್ಚಿನ ಪತ್ರಿಕೆ. ಎಂದರೆ, ಕೈಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ಕಾಗದಕ್ಕೆ ಒತ್ತುತ್ತಿದ್ದರು. ಐವತ್ತೊಂದು ವರ್ಷಗಳ ತರುವಾಯ, 1894ರಲ್ಲಿ, ಫರ್ಡಿನಾಂಡ್ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಇದೇ ಊರಿನ ಮಿಶನ್ ಮುದ್ರಣಾಲಯದಿಂದ ಅಚ್ಚಿನ ಮೊಳೆಗಳಲ್ಲಿ ಮುದ್ರಿತವಾಗಿ ಹೊರಬಂತು. ಕಲ್ಲಚ್ಚು ಮತ್ತು ನಿಘಂಟು, ಈ ಎರಡನ್ನೂ ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಹೇಳಲಿರುವ ವಿಷಯಕ್ಕೆ ಇವು ಬೇಕಾಗುತ್ತವೆ.

ಇಂದು ಅಂಗಡಿಯವರಿಗೂ, ಯಕ್ಷಗಾನ ಮೇಳಗಳವರಿಗೂ, ಸಂಘಸಂಸ್ಥೆಗಳವರಿಗೂ ಜಾಲತಾಣ, ಅಂದರೆ ವೆಬ್‌ಸೈಟ್, ಬೇಕೆನಿಸಿದೆ. ತಾಣವನ್ನು ಕಟ್ಟುವುದು ಈಗ ಅಷ್ಟೇನೂ ಕಷ್ಟವಲ್ಲ. ಆದರೆ ಕಟ್ಟಿದ ತಾಣ ಹುಡುಕುವವರ ಕಣ್ಣಿಗೆ ಬೀಳುವುದು ಕಷ್ಟ. ಈ ಕಷ್ಟವನ್ನು ಕಂಡೇ ಅಡ್ಡದಾರಿ ತೋರಿಸುವವರು ಹುಟ್ಟಿಕೊಂಡಿದ್ದಾರೆ. ಆ ದಾರಿಯಲ್ಲಿ ಒಮ್ಮೆ ನಡೆದು ಎಡವಿದವನಾದ್ದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯಲು ಧೈರ್ಯ ಮಾಡಿದ್ದೇನೆ.

ಮೊದಲನೆಯದಾಗಿ, ಹುಡುಕುಯಂತ್ರವೆಂದರೇನು? ಹೆಸರಿಗೆ ಯಂತ್ರವಾದರೂ ಅದು ತಂತ್ರಾಂಶವೇ. ಅದರ ಕೆಲಸ ಮೂರು ಬಗೆಯದು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳನ್ನು ಹಿಡಿದು ನಡೆಯುತ್ತ ಜಗತ್ತಿನ ಪುಟಗಳನ್ನು ನೋಡಿ ಬರುವುದು ಮೊದಲ ಕೆಲಸ. ಯಾವ ಶಬ್ದ ಯಾವ ಪುಟದಲ್ಲಿದೆಯೆಂದು ಪಟ್ಟಿ ಮಾಡಿಡುವುದು ಎರಡನೆಯದು. ಇದು ಕಿಟೆಲರ ನಿಘಂಟಿನಂಥ ಕೆಲಸ. ಶಬ್ದವು ತನ್ನ ಸ್ಥಾನದಲ್ಲಿದ್ದರೆ ತಾನೆ ಹುಡುಕುವವನಿಗೆ ಸಿಗುವುದು? ಯಾರಾದರೊಬ್ಬರು ಏನನ್ನಾದರೂ ಕೇಳಿದಾಗ, ಪಟ್ಟಿಯಲ್ಲಿರುವ ಪುಟಗಳಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂದು ನಿರ್ಣಯಿಸುವುದು ಮೂರನೆಯದು. ಗೂಗಲ್ ಸಂಸ್ಥೆಯನ್ನು 1998ರಲ್ಲಿ ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಈ ನಿರ್ಣಯಕ್ಕೆ ಒಂದು ಸರಳವಾದ ತತ್ತ್ವವನ್ನು ಹಿಡಿದರು. ಒಂದು ಪುಟಕ್ಕೆ ಇತರ ಪುಟಗಳು ಕೊಟ್ಟ ಕೊಂಡಿಯೆಂದರೆ ಅದರ ಪರವಾಗಿ ಹೇಳಿದ ಸಾಕ್ಷಿಯಂತೆ. ಸಾಕ್ಷಿ ಹೇಳುವವನು ಮಾನ್ಯನಾದಷ್ಟೂ ಆ ಸಾಕ್ಷಿಗೆ ಬೆಲೆ ಹೆಚ್ಚು. ಈಗ ಇದಲ್ಲದೆ ಇನ್ನೂ ಅನೇಕ ಲಕ್ಷಣಗಳನ್ನು ಯಂತ್ರ ಪರಿಶೀಲಿಸುತ್ತದೆ. ಆದರೂ ಸಾಕ್ಷಿಯ ಸತ್ಯತೆಯೇ ಎಲ್ಲಕ್ಕೂ ಬುನಾದಿ. ಸುಳ್ಳು ಸಾಕ್ಷಿ ಹೇಳಿಸುವವರು ಹುಟ್ಟಿಕೊಂಡದ್ದೂ ಅಲ್ಲಿಯೇ.

ಇನ್ನು ನನ್ನ ಕಥೆ. ನನ್ನ ಸೋದರಮಾವ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸಿ ಬಡಿಸುವ ಕಸುಬಿನವರು. ನಾನು ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿದ್ದಾಗ ಯಾರೋ ಒಬ್ಬರು ಅವರಿಗೆ ಫೋನು ಮಾಡಿ, ಇಷ್ಟು ಹಣ ಕೊಟ್ಟರೆ ತಿಂಗಳೊಳಗೆ ಗೂಗಲ್‌ನಲ್ಲಿ ಮೊದಲನೆಯ ಸ್ಥಾನ ಖಂಡಿತ ಎಂದರಂತೆ. ಮಾವ ನನ್ನನ್ನು ಕರೆದು, "ನೀನು ಕಲಿತವ, ಇದೆಂತದು ನೋಡು ಮಗ" ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ಮಾತಿನಿಂದ ಉಬ್ಬಿಹೋಗಿ, "ಅವರಿಗೆ ಹಣ ಯಾಕೆ ಮಾವ? ಆ ಕೆಲಸವನ್ನು ನಾನೇ ಮಾಡುತ್ತೇನೆ" ಎಂದುಬಿಟ್ಟೆ.

ಮಾಡಿದ್ದೇನು? ಬಿಳಿಯ ಪುಟದ ಮೇಲೆ ಬಿಳಿಯ ಅಕ್ಷರಗಳಲ್ಲಿ 'ಮಂಗಳೂರಿನ ಅತ್ಯುತ್ತಮ ಅಡುಗೆಯವರು' ಎಂದು ನೂರು ಸಲ ಬರೆದೆ. ಓದುವವನಿಗೆ ಕಾಣದು, ಯಂತ್ರಕ್ಕೆ ಮಾತ್ರ ಕಾಣುತ್ತದೆಂಬುದು ನನ್ನ ಲೆಕ್ಕ. ಒಂದೇ ಪುಟವನ್ನು ಹತ್ತು ನಕಲು ಮಾಡಿ, ಊರಿನ ಹೆಸರನ್ನಷ್ಟೇ ಬದಲಿಸಿ, ಮೂಡಬಿದಿರೆಯಲ್ಲಿ ನಮ್ಮ ಶಾಖೆ, ಪುತ್ತೂರಿನಲ್ಲಿ ನಮ್ಮ ಶಾಖೆ, ಕಾರ್ಕಳದಲ್ಲಿ ನಮ್ಮ ಶಾಖೆ ಎಂದು ಹಾಕಿದೆ. ಮಾವನ ಕೈಯ ಒಂದು ತುತ್ತನ್ನೂ ಉಣ್ಣದ ಗೆಳೆಯರಿಂದ ಹೊಗಳಿಕೆ ಬರೆಯಿಸಿದೆ.

ಕೆಲವು ವಾರಗಳ ಮೇಲೆ ಒಬ್ಬ ಹಿರಿಯರಿಂದ ಫೋನು ಬಂತು. ಮೊಮ್ಮಗಳ ಮದುವೆಯ ಅಡುಗೆಯ ಮಾತಾಡಲೆಂದು ಹಳ್ಳಿಯಿಂದ ಬಸ್ಸಿನಲ್ಲಿ ಕಾರ್ಕಳಕ್ಕೆ ಬಂದು, ಇಲ್ಲದ ಶಾಖೆಯನ್ನು ಬಿಸಿಲಿನಲ್ಲಿ ಹುಡುಕುತ್ತಿದ್ದರು. ಮಾವ ಅವರಲ್ಲಿ ಕ್ಷಮೆ ಕೇಳಿದರು. ಆಮೇಲೆ ನನ್ನ ಕಡೆಗೆ ತಿರುಗಿ, "ಎಂತ ಮಾರಾಯ ಇದು? ಮೂವತ್ತು ವರ್ಷ ಎಲೆ ಹಾಕಿದವ ನಾನು. ಒಳಗೆ ಇಲ್ಲದ ಪದಾರ್ಥವನ್ನು ಉಂಟು ಅಂತ ಒಂದು ದಿನವೂ ಹೇಳಿದವನಲ್ಲ" ಎಂದರು. ಹೆಚ್ಚು ಬೈಯಲಿಲ್ಲ, ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಮತ್ತೆರಡು ತಿಂಗಳಲ್ಲಿ, ಮಾವನ ಹೆಸರನ್ನೇ ಬರೆದು ಹುಡುಕಿದರೂ ತಾಣ ಕಾಣದಂತಾಯಿತು.

ಆಗ ಕುಳಿತು ಓದಿದೆ. ನಾನು ಜಾಣತನವೆಂದುಕೊಂಡ ಪ್ರತಿಯೊಂದಕ್ಕೂ ಒಂದು ಹೆಸರಿತ್ತು, ಮತ್ತು ಪ್ರತಿಯೊಂದೂ ಗೂಗಲ್‌ನ ನಿಷಿದ್ಧ ಪಟ್ಟಿಯಲ್ಲಿತ್ತು. ಬಣ್ಣದ ಹಿಂದೆ ಶಬ್ದವನ್ನು ಅಡಗಿಸುವುದು ಒಂದು. ಹೇಳಿದ ಶಬ್ದವನ್ನೇ ಅಸಹಜವಾಗಿ ತುರುಕುವುದು ಇನ್ನೊಂದು. ಊರೂರ ಹೆಸರಿನಲ್ಲಿ ಒಂದೇ ಸರಕಿನ ಪುಟಗಳನ್ನು ನಿಲ್ಲಿಸುವುದು ಮತ್ತೊಂದು. ಇವನ್ನು ಬಾಗಿಲು ಪುಟಗಳೆನ್ನಬಹುದು, ಏಕೆಂದರೆ ಬಾಗಿಲು ಹಲವಿದ್ದರೂ ಒಳಗೆ ಮನೆ ಒಂದೇ. ಹಣ ಕೊಟ್ಟು ಕೊಂಡಿಗಳನ್ನು ಕೊಳ್ಳುವುದೂ ನಿಷಿದ್ಧ. ಓದುವವರಿಗೆ ಪ್ರಯೋಜನವಿಲ್ಲದ ಪುಟಗಳನ್ನು, ಕೃತಕ ಬುದ್ಧಿಯಿಂದಾಗಲಿ ಕೈಯಿಂದಾಗಲಿ, ರಾಶಿರಾಶಿಯಾಗಿ ಉತ್ಪಾದಿಸುವುದನ್ನು ಕೂಡ 2024ರ ಮಾರ್ಚ್ ತಿಂಗಳಲ್ಲಿ ಈ ಪಟ್ಟಿಗೆ ಸ್ಪಷ್ಟವಾಗಿ ಸೇರಿಸಿದರು.

ದೊಡ್ಡವರಿಗೂ ಇದರಿಂದ ವಿನಾಯಿತಿ ಇಲ್ಲ. ಬಾಗಿಲು ಪುಟಗಳನ್ನು ಇಟ್ಟ ಕಾರಣದಿಂದ ಬಿಎಂಡಬ್ಲ್ಯು ಮೋಟಾರು ಕಂಪನಿಯ ಜರ್ಮನ್ ತಾಣವನ್ನು 2006ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಪಟ್ಟಿಯಿಂದ ತೆಗೆದುಹಾಕಿತು. ಕಂಪನಿಯವರು ಆ ಪುಟಗಳನ್ನು ಕಿತ್ತ ಮೇಲೆಯೇ ಮರಳಿ ಸೇರಿಸಿತು. ಅಮೆರಿಕದ ಜೆ. ಸಿ. ಪೆನ್ನಿ ಎಂಬ ಅಂಗಡಿಗಳ ಸಂಸ್ಥೆಯ ಪರವಾಗಿ ಎಲ್ಲೆಲ್ಲಿಯೋ ಸಾವಿರಾರು ಕೃತಕ ಕೊಂಡಿಗಳಿದ್ದುದು 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಿಂದ ಬಯಲಾಯಿತು. ಮೊದಲ ಸ್ಥಾನದಲ್ಲಿದ್ದ ಆ ಸಂಸ್ಥೆ ಕೆಲವೇ ದಿನಗಳಲ್ಲಿ ಬಹಳ ಕೆಳಗಿಳಿಯಿತು. ಇನ್ನೊಂದು ಮಾತು: ಪುಟದ ತಲೆಯಲ್ಲಿ ಅಡಗಿಸಿಡುವ ಕೀವರ್ಡ್ ಪಟ್ಟಿಯನ್ನು ಸ್ಥಾನನಿರ್ಣಯಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ತಿಳಿಸಿದೆ. ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದೂ ಅದೇ ಸಂಸ್ಥೆ ಹೇಳುತ್ತದೆ. ಆದುದರಿಂದ ಅಂಥ ಭರವಸೆಯನ್ನು ಕೇಳಿದೊಡನೆ ಫೋನನ್ನು ಕೆಳಗಿಡುವುದು ಲೇಸು.

ಹಾಗಾದರೆ ನೇರ ದಾರಿ ಯಾವುದು? ಇಲ್ಲಿ ಮತ್ತೆ ಕಲ್ಲಚ್ಚಿನ ನೆನಪು ಮಾಡಿಕೊಳ್ಳೋಣ. ಕಲ್ಲಚ್ಚಿನಲ್ಲಿ ಅಕ್ಷರವೆಂದರೆ ಚಿತ್ರ. ಮನುಷ್ಯನ ಕಣ್ಣಿಗೆ ಅದು ಸಾಕು. ಮಾವನ ಮೊದಲಿನ ತಾಣವೂ ಹಾಗೆಯೇ ಇತ್ತು. ಅಂದವಾಗಿ ಅಚ್ಚು ಹಾಕಿಸಿದ್ದ ಕರಪತ್ರದ ಫೋಟೋವನ್ನೇ ಮುಖಪುಟಕ್ಕೆ ಅಂಟಿಸಿದ್ದೆ. ಅದರಲ್ಲಿ ಕೋರಿರೊಟ್ಟಿಯಿತ್ತು, ಮೂಡೆಯಿತ್ತು, ಪತ್ರೊಡೆಯಿತ್ತು. ಆದರೆ ಅವೆಲ್ಲ ಚಿತ್ರದೊಳಗಿನ ಅಕ್ಷರಗಳು. ಚಿತ್ರದಲ್ಲಿನ ಅಕ್ಷರವನ್ನು ಗುರುತಿಸುವ ಶಕ್ತಿ ಯಂತ್ರಗಳಿಗೆ ಈಗ ಬಂದಿದೆಯಾದರೂ, ಮುಖ್ಯ ವಿಷಯವನ್ನು ಅಕ್ಷರವಾಗಿಯೇ ಕೊಡಬೇಕೆಂಬುದು ತಿಳಿದವರ ಸಲಹೆ. ನಾನು ಕಾಣಬೇಕಾದ ಮಾತುಗಳನ್ನು ಚಿತ್ರದಲ್ಲಿ ಹೂತು, ಕಾಣಬಾರದ ಮಾತುಗಳನ್ನು ಬಿಳಿಯ ಬಣ್ಣದಲ್ಲಿ ಬರೆದಿದ್ದೆ!

ಕನ್ನಡಕ್ಕೆ ಇದರ ಜತೆಗೆ ಮತ್ತೊಂದು ತೊಡಕಿದೆ. 'ನುಡಿ', 'ಬರಹ' ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ್ದರು. ಆ ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹುಡುಕುಯಂತ್ರ ಓದುವುದು ಆಕೃತಿಯನ್ನಲ್ಲ, ಸಂಕೇತವನ್ನು. ಆದ್ದರಿಂದ ಅಂಥ ಪುಟ ಕನ್ನಡದಲ್ಲಿ ಹುಡುಕುವವರಿಗೆ ಇದ್ದೂ ಇಲ್ಲದಂತೆ. ಇದಕ್ಕೆ ಪರಿಹಾರ ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಈಗ 'ನುಡಿ', 'ಬರಹ'ಗಳಲ್ಲಿಯೂ ಯುನಿಕೋಡ್‌ನಲ್ಲಿ ಬರೆಯುವ ಸೌಕರ್ಯವುಂಟು. ಹಳೆಯ ಬರಹವನ್ನು ಪರಿವರ್ತಿಸುವ ಸಾಧನಗಳೂ ಉಂಟು. ನಾವು ಇಂದು ಸುಲಭವಾಗಿ ಒತ್ತುವ ಕನ್ನಡ ಕೀಲಿಮಣೆಯ ವಿನ್ಯಾಸಕ್ಕೆ ಮೂಲ ಪುರುಷರಾದ ಕೆ. ಪಿ. ರಾವ್ ಅವರು ನಮ್ಮ ಮಂಗಳೂರಿನ ಸಮೀಪದ ಕಿನ್ನಿಕಂಬಳದವರೆಂಬುದು ನಮಗೆಲ್ಲ ಹೆಮ್ಮೆಯ ವಿಷಯ. ತುಳುವಿನ ಹಳೆಯ ಲಿಪಿಗೂ 2024ರ ಸೆಪ್ಟೆಂಬರಿನಲ್ಲಿ ಬಂದ ಯುನಿಕೋಡ್ 16ನೆಯ ಆವೃತ್ತಿಯಲ್ಲಿ ಸ್ಥಾನ ದೊರೆತಿದೆ.

ಇಷ್ಟನ್ನು ತಿಳಿದ ಮೇಲೆ ಮಾವನ ತಾಣವನ್ನು ಬುಡದಿಂದ ಕಟ್ಟಿದೆ. ಹತ್ತು ಸುಳ್ಳು ಪುಟಗಳನ್ನೂ ಬಿಳಿಯ ಅಕ್ಷರಗಳನ್ನೂ ತೆಗೆದೆ. ಗೆಳೆಯರಿಗೆ ಹೇಳಿ ಹೊಗಳಿಕೆಗಳನ್ನು ಅಳಿಸಿಸಿದೆ. ನಾಲ್ಕೇ ಪುಟಗಳನ್ನು ಉಳಿಸಿದೆ: ನಾವು ಯಾರು, ಏನೇನು ಅಡುಗೆ, ಎಷ್ಟು ಜನರಿಗೆ ಮತ್ತು ಎಲ್ಲಿಯವರೆಗೆ ಬರುತ್ತೇವೆ, ಭೇಟಿಯಾಗುವ ವಿಳಾಸ. ಪ್ರತಿ ಪುಟಕ್ಕೂ ಅದರೊಳಗಿನ ವಿಷಯವನ್ನೇ ತಿಳಿಸುವ ಬೇರೆ ಬೇರೆ ಶೀರ್ಷಿಕೆ ಕೊಟ್ಟೆ. ಚಿತ್ರಗಳ ಗಾತ್ರವನ್ನು ಇಳಿಸಿದೆ. ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ನೋಡುವವರೇ ಹೆಚ್ಚಲ್ಲವೆ? ಪ್ರತಿ ಚಿತ್ರದ ಜತೆಗೆ ಅದರಲ್ಲೇನಿದೆಯೆಂದು ಒಂದು ಸಾಲು ಬರೆದೆ. ದೃಷ್ಟಿಹೀನರು ಪುಟವನ್ನು ಓದಿಸಿ ಕೇಳುವಾಗ ಆ ಸಾಲೇ ಅವರಿಗೆ ಚಿತ್ರ; ಹುಡುಕುಯಂತ್ರಕ್ಕೂ ಅದು ಉಪಯುಕ್ತ. ಪುಟದ ಭಾಷೆ ಕನ್ನಡವೆಂದು ಸಂಕೇತದಲ್ಲಿ ನಮೂದಿಸಿದರೆ ಓದಿ ಹೇಳುವ ತಂತ್ರಾಂಶಕ್ಕೆ ಅನುಕೂಲ. ಗೂಗಲ್‌ನ ಬಿಸಿನೆಸ್ ಪ್ರೊಫೈಲಿನಲ್ಲಿ ಮಾವನ ನಿಜವಾದ ವಿಳಾಸವೊಂದನ್ನೇ ಸೇರಿಸಿದೆ, ಇದಕ್ಕೆ ಶುಲ್ಕವಿಲ್ಲ.

ಕಲಿಯಬೇಕೆನ್ನುವವರಿಗೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಉಚಿತವಾಗಿಯೇ ಸಿಗುತ್ತದೆ. ಪುಟದ ಅಸ್ಥಿಪಂಜರವಾದ ಎಚ್‌ಟಿಎಂಎಲ್, ಅದರ ಉಡುಗೆಯಾದ ಸಿಎಸ್‌ಎಸ್, ಇವೆರಡನ್ನೂ ಮೊಜಿಲ್ಲಾದವರ ಎಂಡಿಎನ್ ತಾಣದಲ್ಲಿ ಮೊದಲಿನಿಂದ ಕಲಿಯಬಹುದು. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ತಂತ್ರಾಂಶಗಳ ಪಾಠಗಳಿವೆ. ಅವುಗಳಲ್ಲಿ ಕೆಲವು ಕನ್ನಡದಲ್ಲಿಯೂ ಇವೆ. ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಮೊದಲಾದ ಯುನಿಕೋಡ್ ಫಾಂಟುಗಳು ಗೂಗಲ್ ಫಾಂಟ್ಸ್‌ನಲ್ಲಿ ದೊರೆಯುತ್ತವೆ. ಚಿತ್ರ ಬೇಕಾದರೆ ಕಂಡವರ ತಾಣದಿಂದ ಕದಿಯಬಾರದು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ, ಅಲ್ಲಿ ಹೇಳಿದ ಷರತ್ತಿನಂತೆ ಚಿತ್ರಕಾರನ ಹೆಸರನ್ನು ಹಾಕತಕ್ಕದ್ದು. ಹುಡುಕುಯಂತ್ರದ ನಿಯಮಗಳಿಗೆ ಗೂಗಲ್‌ನವರದೇ ಆರಂಭಿಕ ಕೈಪಿಡಿಯಿದೆ. ಅವರ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ನಮ್ಮ ಯಾವ ಪುಟ ಪಟ್ಟಿಗೆ ಸೇರಿದೆ, ಯಾವುದು ಸೇರಿಲ್ಲ, ದಂಡನೆಯೇನಾದರೂ ಆಗಿದೆಯೆ ಎಂದು ನೋಡಬಹುದು. ಆಗಿದ್ದರೆ ತಪ್ಪನ್ನು ತಿದ್ದಿ ಮರುಪರಿಶೀಲನೆಗೆ ವಿನಂತಿಸಿಕೊಳ್ಳಲೂಬಹುದು.

ಮಾವನ ತಾಣ ಮೊದಲ ಸ್ಥಾನಕ್ಕೆ ಬಂತೆಂದು ಹೇಳಿದರೆ ಮತ್ತೊಂದು ಸುಳ್ಳು ಹೇಳಿದಂತಾದೀತು. ಅದು ಬಂದಿಲ್ಲ. ಅವರ ಹೆಸರು ಹಾಕಿದರೆ ಈಗ ಕಾಣುತ್ತದೆ; ಮೂಡೆ, ಪತ್ರೊಡೆಗಳ ಹೆಸರನ್ನು ಕನ್ನಡದಲ್ಲಿ ಬರೆದು ಊರಿನ ಹೆಸರನ್ನು ಸೇರಿಸಿ ಹುಡುಕಿದವರಿಗೂ ಕೆಲವೊಮ್ಮೆ ಕಾಣುತ್ತದೆ. ಕಾಸರಗೋಡಿನ ಕಡೆಯ ಒಂದು ಮನೆಯವರು ಆ ಪುಟವನ್ನು ಪೂರ್ತಿ ಓದಿ ಫೋನು ಮಾಡಿದರು. ದರವನ್ನಾಗಲಿ ದೂರವನ್ನಾಗಲಿ ಮತ್ತೆ ಕೇಳಲಿಲ್ಲ. ದಿನ ಗೊತ್ತುಮಾಡುವುದಷ್ಟೇ ಬಾಕಿಯಿತ್ತು. ಮಾವ ಫೋನಿಟ್ಟು, "ಈ ಸಲ ನೀನು ಬರೆದದ್ದು ನಮ್ಮ ಅಡುಗೆಯ ಹಾಗೆಯೇ ಉಂಟು" ಎಂದರು. ಪರೀಕ್ಷೆಯ ಅಂಕಗಳಿಗಿಂತ ಈ ಮಾತು ನನಗೆ ದೊಡ್ಡದಾಗಿ ಕಂಡಿತು.

ಕಾರ್ಕಳದ ಆ ಹಿರಿಯರನ್ನು ನಾನು ನೋಡಿದವನಲ್ಲ. ಆದರೂ ಇಂದಿಗೂ ಒಂದು ಪುಟವನ್ನು ಬರೆಯಲು ಕುಳಿತಾಗ ಅವರು ನೆನಪಾಗುತ್ತಾರೆ. ನಾವು ಬರೆದದ್ದನ್ನು ಯಂತ್ರ ಎಣಿಸಬಹುದು. ಆದರೆ ಅದನ್ನು ನಂಬಿ ಬಸ್ಸು ಹತ್ತುವವನು ಮನುಷ್ಯ. ಆ ಮನುಷ್ಯನಿಗಾಗಿ ನಿಜವನ್ನು, ಅವನ ಭಾಷೆಯಲ್ಲಿ, ಓದಲು ಬರುವಂತೆ ಬರೆದಿಟ್ಟರೆ ಜಾಲತಾಣದ ಕೆಲಸ ಮುಕ್ಕಾಲು ಪಾಲು ಮುಗಿದಂತೆಯೇ ಸರಿ. ಉಳಿದ ಕಾಲು ಪಾಲಿಗೆ ತಾಳ್ಮೆ ಬೇಕು. ಕಾಲೇಜಿನಿಂದ ಹೊರಗೆ ಕಾಲಿಡುತ್ತಿರುವ ನಮ್ಮ ಪೈಕಿ ಅನೇಕರು ಇನ್ನೊಬ್ಬರಿಗಾಗಿ ಇಂಥ ಪುಟಗಳನ್ನು ಬರೆಯಲಿದ್ದೇವೆ. 'ಕಲಿತವ' ಎಂದು ನಂಬಿ ನಮ್ಮ ಕೈಗೆ ಕೆಲಸ ಕೊಡುವವರಿಗೆ ನಾವು ಸಲ್ಲಿಸಬೇಕಾದದ್ದು ನೇರವಾದ ಕೆಲಸವನ್ನೇ ಹೊರತು ಬೇರೊಂದನ್ನಲ್ಲ.