ಆಣೆಯ ಜೊತೆಗೆ ಔಷಧಿಯೂ ಇರಲಿ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ತಂದೆತಾಯಂದಿರೇ, ಮಗ ನೋವಿನ ಮಾತ್ರೆಗೋ ಹೆರಾಯಿನ್‌ಗೋ ಬಿದ್ದಿದ್ದಾನೆಂದು ಗೊತ್ತಾದಾಗ ಮಾದಪ್ಪನ ಬೆಟ್ಟಕ್ಕೆ ಕರೆದೊಯ್ದು ಆಣೆ ಮಾಡಿಸುತ್ತೀರಿ. ಮಾಡಿಸಿ. ಆದರೆ ವೈದ್ಯರು ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಡುತ್ತೇವೆಂದರೆ, ‘ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸ್ತಾರೆ’ ಎಂದು ಹೆದರಿ ವಾಪಸ್ ಬರಬೇಡಿ.

ಇವೂ ಅಫೀಮಿನ ಗುಂಪಿನವೇ, ದೇಹ ಒಗ್ಗಿಕೊಳ್ಳುವುದೂ ನಿಜ. ಆದರೆ ಇವುಗಳ ಕೆಲಸ ನಿಧಾನ. ವೈದ್ಯರು ಹೇಳಿದ ಪ್ರಮಾಣದಲ್ಲಿ ದಿನಕ್ಕೊಮ್ಮೆ ತೆಗೆದುಕೊಂಡರೆ ಅಮಲೇರುವುದಿಲ್ಲ. ಚಟ ಬಿಟ್ಟಾಗಿನ ಮೈಕೈ ನೋವು, ಭೇದಿ, ನಿದ್ದೆಗೇಡು ತಗ್ಗುತ್ತವೆ. ಹುಡುಗ ಮಗ್ಗದ ಮುಂದೆ ಕೂರಬಲ್ಲ, ಹೊಲಕ್ಕೆ ಹೋಗಬಲ್ಲ. 2005ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬ್ಯುಪ್ರೆನಾರ್ಫಿನ್. ಅದನ್ನು ನಾಲಿಗೆ ಕೆಳಗಿಟ್ಟು ಕೆಲವು ನಿಮಿಷ ಕರಗಲು ಬಿಡಬೇಕು. ನುಂಗಿದರೆ ಅಷ್ಟಾಗಿ ಫಲವಿಲ್ಲ.

ನನಗೆ ಹೆಚ್ಚು ಭಯ, ‘ಮೂರು ತಿಂಗಳಾಯ್ತಲ್ಲ, ಸಾಕು ನಿಲ್ಲಿಸು’ ಎನ್ನುವ ಮಾತಿನದು. ಈ ಔಷಧಿಯನ್ನು ದಿಢೀರನೆ ಬಿಟ್ಟವರು ಹಳೆಯ ಚಟಕ್ಕೆ ಮರಳುವುದೇ ಹೆಚ್ಚು. ಅಷ್ಟರಲ್ಲಿ ದೇಹದ ತಾಳಿಕೆ ಕುಗ್ಗಿರುತ್ತದೆ, ಹಿಂದಿನ ಪ್ರಮಾಣವೇ ಉಸಿರು ನಿಲ್ಲಿಸಬಹುದು. ಬಿಪಿ ಮಾತ್ರೆಯ ಹಾಗೆ ಇದೂ ವರ್ಷಗಟ್ಟಲೆ ಬೇಕಾದೀತು. ಬಸುರಿಯರಂತೂ ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು. ಇದರ ಜೊತೆ ಮದ್ಯ, ನಿದ್ದೆ ಮಾತ್ರೆ ಬೇಡವೇ ಬೇಡ.

ಊರವರಿಗೆ ಗೊತ್ತಾದೀತೆಂಬ ಅಳುಕಿದ್ದರೆ ಮೊದಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರನ್ನೋ ಬೆಂಗಳೂರಿನ ನಿಮ್ಹಾನ್ಸ್ ಅನ್ನೋ ಕಾಣಿ. ಹೋಗುವಾಗ ಅವನು ನುಂಗುತ್ತಿದ್ದ ಮಾತ್ರೆಯ ಖಾಲಿ ಸ್ಟ್ರಿಪ್ ಜೊತೆಗಿರಲಿ.