ಚರ್ಚೆಯಲ್ಲಿ ತಡೆಯಬೇಕಾದ ಮಾತು ಯಾವುದು?

2023ರ ಜೂನ್ 7ರಂದು ಕೊಲ್ಹಾಪುರದಲ್ಲಿ, ಟಿಪ್ಪು ಸುಲ್ತಾನನ ಚಿತ್ರವಿದ್ದ ಕೆಲವರ ವಾಟ್ಸ್‌ಆ್ಯಪ್ ಸ್ಟೇಟಸ್‌ನಿಂದ ಗಲಭೆಯೆದ್ದು ಅಂತರ್ಜಾಲ ಸೇವೆಯೇ ಸ್ಥಗಿತಗೊಂಡಿತು. ಕೆಲವರ ಮಾತಿಗಾಗಿ ಎಲ್ಲರ ಮಾತೂ ನಿಂತಿತು. ಇಚಲಕರಂಜಿ, ಗಡಹಿಂಗ್ಲಜದ ತರಗತಿಗಳಲ್ಲಿಯೂ ಗದ್ದಲವಾದೊಡನೆ ವಿಷಯವನ್ನೇ ಮುಚ್ಚಿಬಿಡುವುದು ಸುಲಭ, ಸರಿಯಲ್ಲ.

2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಗೊಳಿಸಿದ ಸರ್ವೋಚ್ಚ ನ್ಯಾಯಾಲಯವು ಚರ್ಚೆ, ಪ್ರತಿಪಾದನೆ, ಪ್ರಚೋದನೆಗಳನ್ನು ಬೇರ್ಪಡಿಸಿತು. ಟಿಪ್ಪುವಿನ ಆಳ್ವಿಕೆಯ ಒಳಿತು ಕೆಡುಕುಗಳನ್ನು ವಿಚಾರಿಸುವುದು ಚರ್ಚೆ. ಅವನನ್ನು ಮೆಚ್ಚಿ ಅಥವಾ ಖಂಡಿಸಿ ವಾದಿಸುವುದು ಪ್ರತಿಪಾದನೆ. ‘ಅವರ ಅಂಗಡಿ ಒಡೆಯಿರಿ’ ಎನ್ನುವುದು ಪ್ರಚೋದನೆ. ಕಾನೂನು ತಡೆಯುವುದು ಕೊನೆಯದನ್ನು. ಸಹಪಾಠಿಯ ಜಾತಿ-ಮತ ಹಿಡಿದು ಹೀಯಾಳಿಸುವುದಕ್ಕೂ ತರಗತಿಯಲ್ಲಿ ಎಡೆಯಿಲ್ಲ. ತಡೆದ ಶಿಕ್ಷಕರು ಕಾರಣವನ್ನು ಎಲ್ಲರೆದುರು ತಿಳಿಸಿ, ಅದೇ ವಿದ್ಯಾರ್ಥಿಗೆ ಮಾತನ್ನು ತಿದ್ದಿ ಆಡಲು ಅವಕಾಶ ಕೊಡತಕ್ಕದ್ದು.