ಗಾಡಿ ನಿಂತಾಗ ಬಿಸಿಯಾಗ್ತದಾ? ಮೊದಲು ಫ್ಯಾನ್ ನೋಡ್ರಿ



ಸಂಘದ ಸಾಲ ಅಂದರೆ ಎಮ್ಮೆ, ಕುರಿ, ಹೊಲಿಗೆ ಮಿಷನ್ ಎಂಬ ಕಾಲ ಇತ್ತು. ಈಗ ಬಾಡಿಗೆಗೆ ಓಡಿಸಲು ಹಳೇ ಕಾರು ತಗೊಳ್ಳುವ ಮನೆಗಳೂ ಇವೆ. ಓಡಿಸುವವನು ಗಂಡನೋ ಮಗನೋ ಇರಬಹುದು, ಕಂತು ಕಟ್ಟುವವರು ಮಾತ್ರ ನಾವು. ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಆ ತಿಂಗಳ ಕಂತು ನಿಂತಂತೆಯೇ. ಹಾಗಾಗಿ ಇದು ಗಂಡಸರ ವಿಷಯ ಅಂತ ಬಿಡದೆ, ಇಂಜಿನ್ ಬಿಸಿಯಾಗುವ ತೊಂದರೆಯನ್ನು ಈ ಸಲದ ಪಾಠಕ್ಕೆ ತಗೊಂಡಿದ್ದೇವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಳ್ಳಾರಿಯಲ್ಲಿ ಇದು ತಿಳಿದಿರಲೇಬೇಕು.

ಇಂಜಿನ್ ಒಳಗೆ ಕೂಲೆಂಟ್ ಎಂಬ ನೀರು ಸುತ್ತುತ್ತಾ ಇರುತ್ತದೆ. ಅದು ಶಾಖವನ್ನು ಹೊತ್ತು ಮುಂದಿನ ರೇಡಿಯೇಟರ್‌ಗೆ ಬಂದು ತಣ್ಣಗಾಗಿ ಮತ್ತೆ ಒಳಗೆ ಹೋಗುತ್ತದೆ. ಕುರುಗೋಡು ರಸ್ತೆಯಲ್ಲಿ ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ, ಫ್ಯಾನಿಗೆ ಹೆಚ್ಚು ಕೆಲಸವಿಲ್ಲ. ಕೌಲ್ ಬಜಾರಿನ ಜನಸಂದಣಿಯಲ್ಲೋ ಸಿರುಗುಪ್ಪದ ರೈಸ್ ಮಿಲ್ ಗೇಟಿನ ಮುಂದೋ ಇಂಜಿನ್ ಚಾಲೂ ಇಟ್ಟು ನಿಂತಾಗ ಗಾಳಿ ಎಲ್ಲಿಂದ ಬರಬೇಕು? ಆಗ ಫ್ಯಾನೇ ಗತಿ.

ಆದ್ದರಿಂದ ಡ್ರೈವರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ಮುಳ್ಳು ಮೇಲೆ ಹೋಗೋದು ಯಾವಾಗ? ನಿಂತಾಗ ಏರಿ, ಓಡಿದಾಗ ಇಳಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಹೆದ್ದಾರಿಯಲ್ಲಿ ಓಡುವಾಗಲೇ ಏರಿದರೆ ಕೂಲೆಂಟ್ ಕಡಿಮೆ ಆಗಿರಬಹುದು, ರೇಡಿಯೇಟರ್ ಕಟ್ಟಿರಬಹುದು, ಥರ್ಮೋಸ್ಟಾಟ್ ಅಥವಾ ವಾಟರ್ ಪಂಪ್ ಕೆಟ್ಟಿರಬಹುದು. ಈ ಒಂದು ಉತ್ತರ ಗೊತ್ತಿದ್ದರೆ ಬೇಡದ ರಿಪೇರಿ ಎಷ್ಟೋ ತಪ್ಪುತ್ತದೆ.

ಬಹಳಷ್ಟು ಕಾರುಗಳ ಫ್ಯಾನಿಗೆ ಎರಡು ಸ್ಪೀಡು. ಕೂಲೆಂಟ್ ಸುಮಾರು 95 ಡಿಗ್ರಿಗೆ ಬಂದಾಗ ನಿಧಾನವಾಗಿ ತಿರುಗುತ್ತದೆ, ಇನ್ನೂ ಏರಿದರೆ ಜೋರಾಗಿ ತಿರುಗುತ್ತದೆ. (ಈ ಲೆಕ್ಕ ಗಾಡಿಯಿಂದ ಗಾಡಿಗೆ ಸ್ವಲ್ಪ ಬೇರೆ.) ಎ.ಸಿ. ಹಾಕಿದಾಗಲೂ ತಿರುಗಬೇಕು. ನಿಧಾನ ಸ್ಪೀಡನ್ನು ಅನೇಕ ಗಾಡಿಗಳಲ್ಲಿ ರೆಸಿಸ್ಟರ್ ಎಂಬ ಸಣ್ಣ ಸಾಮಾನು ಕೊಡುತ್ತದೆ. ಮನೆಯ ಹಳೇ ಫ್ಯಾನ್ ರೆಗ್ಯುಲೇಟರ್ ನೆನಪು ಮಾಡಿಕೊಳ್ಳಿ: ಅದು ಸುಟ್ಟರೆ ಒಂದು, ಎರಡರಲ್ಲಿ ಫ್ಯಾನ್ ತಿರುಗೋದಿಲ್ಲ, ಐದಕ್ಕೆ ಇಟ್ಟರೆ ಮಾತ್ರ ಜೋರಾಗಿ ತಿರುಗುತ್ತದೆ. ಇಲ್ಲೂ ಹಾಗೆಯೇ. ಮುಳ್ಳು ಬಹಳ ಮೇಲೆ ಹೋಗುವ ತನಕ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಭರ್ರೆಂದು ತಿರುಗಿದರೆ ರೆಸಿಸ್ಟರ್ ಹೋಗಿದೆ ಅಂತ ಅನುಮಾನಿಸಬೇಕು. ಫ್ಯಾನ್ ತಿರುಗ್ತದಲ್ಲ ಅಂತ ಬಿಟ್ಟರೆ ಇಂಜಿನ್ ದಿನಾಲೂ ಮಿತಿಮೀರಿ ಕಾಯುತ್ತಿರುತ್ತದೆ.

ಪರೀಕ್ಷೆ ಶುರು ಮಾಡುವ ಮೊದಲು ನಮ್ಮ ಜೋಪಾನ. ಬಿಸಿ ಇಂಜಿನಿನ ರೇಡಿಯೇಟರ್ ಮುಚ್ಚಳ ತೆಗೆಯಬಾರದು. ಕುಕ್ಕರ್ ಸೀಟಿ ಇಳಿಯದೆ ಮುಚ್ಚಳ ತೆಗೆದರೆ ಏನಾಗ್ತದೋ ಅದೇ ಆಗ್ತದೆ, ಮುಖ ಸುಡುತ್ತದೆ. ಬಾನೆಟ್ ಹತ್ತಿರ ಹೋಗುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ, ಬಳೆ ತೆಗೆದಿಡಿ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ಶುರುವಾಗುತ್ತದೆ. ನಿಂತ ರೆಕ್ಕೆ ಅಂತ ನಂಬಿ ಕೈ ಹಾಕಬೇಡಿ.

ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬಿ ನೋಡಿ, ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಆಮೇಲೆ ಗಾಡಿ ಚಾಲೂ ಮಾಡಿ ಎ.ಸಿ. ಹಾಕಿಸಿ, ದೂರ ನಿಂತು ಕೇಳಿ. ಎ.ಸಿ.ಗೆ ಫ್ಯಾನ್ ತಿರುಗಿ, ಬಿಸಿಗೆ ಮಾತ್ರ ತಿರುಗದಿದ್ದರೆ ಮೋಟಾರು ಸರಿ ಇದೆ. ಉಷ್ಣಾಂಶ ಹೇಳುವ ಸೆನ್ಸರ್ ಅಥವಾ ಅದರ ವೈರು ನೋಡಿಸಬೇಕು. ಎರಡಕ್ಕೂ ತಿರುಗದಿದ್ದರೆ ಮೊದಲು ಫ್ಯೂಸ್, ನಂತರ ರಿಲೇ. ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ, ಹಾರ್ನಿನದೋ ಏನೋ, ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಫ್ಯಾನ್ ತಿರುಗಿದರೆ ಕಳ್ಳ ಸಿಕ್ಕ! ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಿಸಬೇಡಿ, ವೈರೇ ಹೊತ್ತಿಕೊಂಡೀತು. ಮೋಟಾರು ಜಾಮ್ ಆಗ್ತಿದೆಯಾ ಅಂತ ನೋಡಿಸಿ. ಫ್ಯಾನ್ ಯಾವಾಗಲೂ ಮಂದವಾಗಿ ತಿರುಗಿದರೆ ಕಾರ್ಬನ್ ಬ್ರಷ್ ಸವೆದಿರಬಹುದು, ಇಲ್ಲವೆ ಕನೆಕ್ಟರ್ ಕರಗಿ, ಅರ್ಥ್ ವೈರು ತುಕ್ಕು ಹಿಡಿದು ಕರೆಂಟ್ ಪೂರ್ತಿ ಸಿಗುತ್ತಿಲ್ಲ. ಇನ್ನು ಬೆಳಗಿನಿಂದ ಜೋರಾಗಿ ತಿರುಗುತ್ತಲೇ ಇದ್ದರೆ ರಿಲೇ ಅಂಟಿಕೊಂಡಿರಬಹುದು. ಸೆನ್ಸರ್ ವೈರು ಕಿತ್ತಾಗಲೂ ಕೆಲವು ಗಾಡಿಗಳು ಇಂಜಿನ್ ಉಳಿಸಿಕೊಳ್ಳಲು ಹೀಗೆ ಮಾಡುತ್ತವೆ.

ಮೋಟಾರು ಬದಲಿಸಿದ ಮೇಲೆ ಇನ್ನೊಂದು ನೋಡಬೇಕು. ಎರಡು ವೈರು ತಿರುವು ಮುರುವು ಆದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಫ್ಯಾನ್ ರೇಡಿಯೇಟರಿನ ಹಿಂದೆ ಇರುವ ಗಾಡಿಯಲ್ಲಿ, ಮುಂದಿನ ಜಾಲರಿಗೆ ನೋಟ್‌ಬುಕ್ ಹಾಳೆ ಹಿಡಿದರೆ ಒಳಗೆ ಎಳೆದುಕೊಳ್ಳಬೇಕು. ಹೊರಗೆ ತಳ್ಳಿದರೆ ವಾಪಸ್ ಗ್ಯಾರೇಜಿಗೆ.

ನಮ್ಮ ಕಡೆ ಒಂದು ರೂಢಿ ಇದೆ, “ಅಕ್ಕಾ, ಫ್ಯಾನ್ ಡೈರೆಕ್ಟ್ ಕೊಟ್ಟೀನಿ, ಚಿಂತಿ ಇಲ್ಲ” ಅನ್ನೋದು. ಸ್ವಿಚ್ ಒಂದಿಟ್ಟು ಬ್ಯಾಟರಿಯಿಂದ ನೇರ ವೈರು ಎಳೆಯುತ್ತಾರೆ. ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲು ಅದು ಸರಿ. ಕಾಯಂ ಮಾಡುವುದು ನಮಗೆ ಒಪ್ಪಿಗೆಯಿಲ್ಲ. ರಿಲೇ, ಫ್ಯೂಸ್ ಇಲ್ಲದಿದ್ದರೆ ಸ್ವಿಚ್ ಕರಗುತ್ತದೆ. ಒಂದು ದಿನ ಸ್ವಿಚ್ ಹಾಕಲು ಮರೆತರೆ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಹೆಡ್ಡೇ ಬೆಂಡಾಗಬಹುದು. ನೂರುಗಳಲ್ಲಿ ಮುಗಿಯುವ ರಿಲೇಗೆ ಹಿಂದೆಮುಂದೆ ನೋಡಿ ಸಾವಿರಾರು ರೂಪಾಯಿ ಸಾಲ ಮಾಡಿದಂತೆ ಆಗುತ್ತದೆ.

ಫ್ಯಾನ್ ಸರಿ ಇದ್ದೂ ಗಾಳಿ ಆಡದಿರುವುದು ನಮ್ಮ ಊರುಗಳ ವಿಶೇಷ. ಸಿರುಗುಪ್ಪ, ಕುರುಗೋಡು ಕಡೆ ಭತ್ತದ ಕೊಯ್ಲಿನಲ್ಲಿ ಹೊಟ್ಟು, ಧೂಳು ಹಾರಿ ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಹಾಸಿಗೆಯಂತೆ ಕೂರುತ್ತದೆ. ಮುಂದಿನಿಂದ ನೋಡಿದರೆ ಕಾಣೋದಿಲ್ಲ. ಕೊಯ್ಲು ಮುಗಿದ ಮೇಲೆ, ತಣ್ಣಗಿದ್ದಾಗ, ಇಂಜಿನ್ ಕಡೆಯಿಂದ ಹೊರಗೆ ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಜೋರು ಪ್ರೆಶರಿಗೆ ತೆಳು ರೆಕ್ಕೆಗಳು ಮಡಚುತ್ತವೆ. ಕೂಲೆಂಟ್ ಬದಲು ಬೋರ್ ನೀರು ತುಂಬಿಸುವ ಚಾಳಿ ಬೇಡ. ಪಾತ್ರೆಗೆ ಕಟ್ಟುವ ಬಿಳಿ ಉಪ್ಪು ಅಲ್ಲೂ ಕಟ್ಟುತ್ತದೆ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎ.ಸಿ. ಬಂದ್ ಮಾಡಿ, ಹೀಟರ್ ಪೂರ್ತಿ ಹಾಕಲು ಹೇಳಿ. ಸೆಕೆಯಾಗುತ್ತದೆ, ಆದರೆ ಇಂಜಿನಿನ ಶಾಖ ಸ್ವಲ್ಪ ಹೊರಬರುತ್ತದೆ. ಕೆಂಪು ಗೆರೆ ಮುಟ್ಟಿದರೆ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಲೇಬೇಕು. “ಇನ್ನೇನು ಊರು ಬಂತು” ಅನ್ನುವ ಎರಡು ಕಿಲೋಮೀಟರಿನಲ್ಲೇ ಇಂಜಿನ್ ಹೋಗೋದು. ಮೇಲೆ ತಣ್ಣೀರು ಸುರಿಯಬೇಡಿ.

ರಿಪೇರಿಗೆ ಹೋದಾಗ ಏನೇನು ಪರೀಕ್ಷೆ ಮಾಡಿದರು ಅಂತ ಕೇಳಿ, ಬಿಲ್ ತಗೊಳ್ಳಿ, ಬದಲಿಸಿದ ಹಳೇ ಸಾಮಾನು ವಾಪಸ್ ಕೇಳಿ ಪಡೆಯಿರಿ. ಮುಂದಿನ ವಾರದ ಸಭೆಗೆ, ಗಾಡಿ ಇರುವ ಸದಸ್ಯರು ಎ.ಸಿ. ಹಾಕಿದಾಗ ತಮ್ಮ ಫ್ಯಾನ್ ತಿರುಗಿತೋ ಇಲ್ಲವೋ ನೋಡಿಕೊಂಡು ಬನ್ನಿ.